ಕಂಚಿನ ಯೋಜನೆ ಅಗ್ಗವಿರುವಾಗ ಬೆಳ್ಳಿಯದನ್ನು ಕೊಳ್ಳಿ ಎನ್ನುವುದೇಕೆ?

ಅಮೆರಿಕದ ಸರ್ಕಾರಿ ಆರೋಗ್ಯ ವಿಮಾ ಮಾರುಕಟ್ಟೆಯಲ್ಲಿ ಈ ಸಲಹೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಕುಟುಂಬದ ಆದಾಯವು ಫೆಡರಲ್ ಬಡತನ ರೇಖೆಯ ಎರಡೂವರೆ ಪಟ್ಟಿನೊಳಗಿದ್ದು, ಸಹಾಯಧನಕ್ಕೆ ಅರ್ಹರಾದವರಿಗೆ ಮಾತ್ರ ಬೆಳ್ಳಿ ಯೋಜನೆ ಸಾಮಾನ್ಯವಾಗಿ ಲಾಭದಾಯಕ.

ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಹೆಸರುಗಳು ಆಸ್ಪತ್ರೆಯ ಗುಣಮಟ್ಟವನ್ನು ಸೂಚಿಸುವುದಿಲ್ಲ. ಚಿಕಿತ್ಸೆಯ ಖರ್ಚಿನಲ್ಲಿ ವಿಮಾ ಕಂಪನಿಯು ಸರಾಸರಿ ಎಷ್ಟು ಭಾಗವನ್ನು ಹೊರುತ್ತದೆ ಎಂಬುದನ್ನಷ್ಟೇ ಅವು ಹೇಳುತ್ತವೆ: ಕ್ರಮವಾಗಿ ಸುಮಾರು ಶೇ. 60, 70, 80 ಮತ್ತು 90. ಉಳಿದದ್ದು ರೋಗಿಯ ಜೇಬಿನಿಂದ ಹೋಗುತ್ತದೆ.

ಸರ್ಕಾರದ ನೆರವು ಎರಡು ಬಗೆಯದು. ಮೊದಲನೆಯದು ತಿಂಗಳ ಕಂತನ್ನು ಇಳಿಸುವ ತೆರಿಗೆ ರಿಯಾಯಿತಿ. ಇದನ್ನು ನಾಲ್ಕರಲ್ಲಿ ಯಾವ ದರ್ಜೆಗಾದರೂ ಬಳಸಬಹುದು. ಎರಡನೆಯದು ಡಿಡಕ್ಟಿಬಲ್, ಅಂದರೆ ವಿಮೆ ಹಣ ಕೊಡಲು ಆರಂಭಿಸುವ ಮೊದಲು ನಾವೇ ತೆರಬೇಕಾದ ಮೊತ್ತವನ್ನೂ, ವೈದ್ಯರ ಭೇಟಿಯ ಶುಲ್ಕದಂಥ ಇತರ ಪಾಲನ್ನೂ ತಗ್ಗಿಸುವ ನೆರವು. ಇದು ಬೆಳ್ಳಿ ಯೋಜನೆಗೆ ಮಾತ್ರ ಅಂಟಿಕೊಂಡಿದೆ. ಆದಾಯವು ಬಡತನ ರೇಖೆಯ ಒಂದೂವರೆ ಪಟ್ಟಿನೊಳಗಿದ್ದರೆ ಬೆಳ್ಳಿಯ ಶೇ. 70 ಶೇ. 94ಕ್ಕೆ ಏರುತ್ತದೆ, ಎಂದರೆ ಹೆಸರು ಬೆಳ್ಳಿಯಾದರೂ ಅದು ಪ್ಲಾಟಿನಂ ಅನ್ನೂ ಮೀರಿಸುತ್ತದೆ. ಎರಡು ಪಟ್ಟಿನವರೆಗೆ ಶೇ. 87 ಸಿಗುತ್ತದೆ, ಎರಡೂವರೆ ಪಟ್ಟಿನವರೆಗೆ ಬರೀ ಶೇ. 73, ಆ ಹಂತದಲ್ಲಿ ಲಾಭ ತೀರಾ ಅಲ್ಪ.

ಅದಕ್ಕೂ ಹೆಚ್ಚು ಆದಾಯವಿರುವವರು ಚಿನ್ನದ ಯೋಜನೆಯ ಕಂತನ್ನೂ ನೋಡಬೇಕು. ಕೆಲವು ಊರುಗಳಲ್ಲಿ ಅದು ಬೆಳ್ಳಿಗಿಂತ ಅಗ್ಗವಾಗಿರುವುದುಂಟು. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಬಳಿಗೆ ಹೋಗಿ ನೆಲೆಸಿದ, ಐದು ವರ್ಷ ತುಂಬದ ಕಾರಣ ಮೆಡಿಕೇರ್ (ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಸಿಗದ ನಮ್ಮ ಕಡೆಯ ಹಿರಿಯರೂ ಈ ಮಾರುಕಟ್ಟೆಯಲ್ಲೇ ಕೊಳ್ಳಬಹುದು. ಅವರಂತೂ ದರ್ಜೆಯನ್ನು ನಿರ್ಧರಿಸುವ ಮೊದಲು ತಮ್ಮ ವೈದ್ಯರೂ ನಿತ್ಯದ ಔಷಧಿಗಳೂ ಯೋಜನೆಯ ಪಟ್ಟಿಯಲ್ಲಿವೆಯೇ ಎಂದು ಪರಿಶೀಲಿಸಬೇಕು.