803 ಕಾರ್ಟ್ರಿಜ್: ಇಂಕ್ ತುಂಬಿದ ಮೇಲೂ ಗೆರೆ ಗೆರೆ ಬರುತ್ತಿದ್ದರೆ

ಎಚ್‌ಪಿ 803 ಕಪ್ಪು ಕಾರ್ಟ್ರಿಜ್‌ಗೆ ಮನೆಯಲ್ಲೇ ಇಂಕ್ ತುಂಬಿದೆ, ಆದರೂ ಪ್ರಿಂಟರ್ ಖಾಲಿ ಅನ್ನುತ್ತಿದೆ, ಅಕ್ಷರದ ಮಧ್ಯೆ ಬಿಳಿ ಗೆರೆ ಬರುತ್ತಿದೆ ಅಂತ ಕೇಳಿದ್ದೀರಿ.

ಖಾಲಿ ಅನ್ನೋದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಪ್ರಿಂಟರ್ ಒಳಗೆ ಇಣುಕಿ ನೋಡುವುದಿಲ್ಲ, ಎಷ್ಟು ಹನಿ ಉಗುಳಿದ್ದೇನೆ ಅಂತ ಲೆಕ್ಕ ಇಡುತ್ತದೆ ಅಷ್ಟೇ. ಓಕೆ ಒತ್ತಿ ಮುಂದೆ ಹೋಗಿ.

ಗೆರೆಯದ್ದೇ ನಿಜವಾದ ತೊಂದರೆ. ಕಾರ್ಟ್ರಿಜ್ ಒಳಗೆ ಸ್ಪಂಜು ಇದೆ. ಸಿರಿಂಜನ್ನು ಬೇಗ ಒತ್ತಿದರೆ ಅದರಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಇಲ್ಲಾ, ಹೆಡ್ಡಿನ, ಅಂದರೆ ಕಾರ್ಟ್ರಿಜ್‌ನಲ್ಲಿ ಇಂಕ್ ಹೊರಬರುವ ಜಾಗದ, ಸಣ್ಣ ತೂತುಗಳಲ್ಲಿ ಇಂಕ್ ಒಣಗಿರುತ್ತದೆ. ಟಿಶ್ಯೂ ಪೇಪರನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಹೆಡ್ ಕೆಳಗಾಗುವಂತೆ ಅದರ ಮೇಲೆ ಒಂದೆರಡು ನಿಮಿಷ ಇಡಿ. ಎತ್ತಿದಾಗ ಕಪ್ಪು ಪಟ್ಟಿ ಪೂರ್ತಿ ಮೂಡಿರಬೇಕು. ನಡುವೆ ಬಿಳಿ ಉಳಿದಿದ್ದರೆ ಇನ್ನೊಮ್ಮೆ ಮಾಡಿ. ಕಾರ್ಟ್ರಿಜ್ ಮೇಲಿನ ತಾಮ್ರದ ಬಣ್ಣದ ಚುಕ್ಕೆಗಳನ್ನು ಮಾತ್ರ ಬೆರಳಿಂದ ಮುಟ್ಟಬೇಡಿ. ಆಮೇಲೆ ಪ್ರಿಂಟರಿನಿಂದಲೇ ಒಂದು ಸಲ ಕ್ಲೀನಿಂಗ್ ಕೊಡಿ. ಪದೇ ಪದೇ ಕೊಟ್ಟರೆ ತುಂಬಿದ ಇಂಕೆಲ್ಲಾ ಸುಮ್ನೆ ಅದಕ್ಕೇ ಹೋಗುತ್ತದೆ.

ಮುಂದಿನ ಸಲ ನಿಧಾನಕ್ಕೆ ತುಂಬಿ. ಇಂಕ್ ತುಂಬುವ ತೂತಿನ ಬಾಯಿಗೆ ಇಂಕ್ ಬಂದ ಕೂಡಲೇ ನಿಲ್ಲಿಸಿ, ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಜಾಸ್ತಿ ತುಂಬಿದರೆ ಸೋರುತ್ತದೆ. ನಮ್ಮ ಡೊಂಬಿವಲಿ ಮನೆಯ ಬಿಳಿ ಟೈಲ್ಸ್ ಮೇಲಿನ ಕಲೆಯನ್ನು ನಮ್ಮವಳು ಬಂದವರಿಗೆಲ್ಲಾ ಈಗಲೂ ತೋರಿಸುತ್ತಾಳೆ! ಹಳೇ ಪೇಪರ್ ದಪ್ಪಗೆ ಹಾಸಿಕೊಳ್ಳಿ, ಹಳೇ ಬನಿಯನ್ ಹಾಕಿಕೊಳ್ಳಿ.

ನೀವು ಮುಲುಂಡ್‌ನಲ್ಲಿದ್ದೀರಿ ಅಂದಿರಿ ಅಲ್ವಾ? ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟಾದ ಲ್ಯಾಮಿಂಗ್ಟನ್ ರೋಡ್ ಕಡೆ ಹೋದಾಗ 803ಕ್ಕೆ ಆಗುವ ಇಂಕ್ ಅಂತಲೇ ಕೇಳಿ ತನ್ನಿ. ಪೂರ್ತಿ ಒಣಗುವ ತನಕ ಕಾಯಬೇಡಿ, ಬಣ್ಣ ಮಸುಕಾದ ಕೂಡಲೇ ತುಂಬಿ. ಒಣಗಿದ ಹೆಡ್ಡಿನಲ್ಲಿ ಪ್ರಿಂಟ್ ಕೊಡುತ್ತಾ ಹೋದರೆ ಅದು ಸುಟ್ಟೇ ಹೋಗಬಹುದು.