ಕಾನಿನ ಕೆರೆಯಲ್ಲಿ ಗಳ ಮುಳುಗಿದ್ದಷ್ಟೂ ನೀರಲ್ಲ

ಸೊರಬ ಕಡೆಯ ಕಾನಿನ (ದಟ್ಟ ಕಾಡಿನ) ಕೆರೆಗೆ ಬಿದಿರು ಗಳ ಇಳಿಸಿ "14 ಅಡಿ ನೀರಿದೆ, ಮುಂದಿನ ವಾರ ಇಳಿದು ನಡುಭಾಗ ಅಳೀತೀವಿ" ಅಂತ ಫೋಟೊ ಹಾಕಿದ್ದೀರಲ್ಲ ಮಾರಾಯ್ರೇ, ಮೊದಲು ಆ ಇಳಿಯುವ ಯೋಚನೆ ಬಿಡಿ. ಫೋಟೊ ದೊಡ್ಡದು ಮಾಡಿ ನೋಡಿ. ಗಳದ ಕೆಳಗಿನ ಅರ್ಧಕ್ಕೆ ಕರೀ ರಾಡಿ ಮೆತ್ತಿದೆ. ಅಲ್ಲಿಂದ ಕೆಳಗೆ ನೀರಿಲ್ಲ, ಹೂಳು. ಈ ಗುಂಪಿನಲ್ಲಿ ವರ್ಷವೂ ಯಾರಾದರೊಬ್ಬರು ಇದೇ ಲೆಕ್ಕ ಹಾಕುತ್ತಾರೆ, ಅದಕ್ಕೇ ಉದ್ದ ಬರೀತಿದೀನಿ.

ಕಾನಿನ ಕೆರೆಗೆ ವರ್ಷಪೂರ್ತಿ ದರಕು (ಒಣ ಎಲೆ) ಬೀಳುತ್ತದೆ. ಬಯಲುಸೀಮೆ ಕೆರೆಯ ಹೂಳು ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಇಲ್ಲಿಯದು ಒಣಗುವುದೇ ಇಲ್ಲ. ಮೇಲಿನ ಎರಡು ಮೂರು ಅಡಿ ಗಂಜಿಯ ಹದದಲ್ಲೇ ಇರುತ್ತದೆ. ಬಿದಿರು ದಪ್ಪ, ಮೇಲಾಗಿ ತೇಲುವ ವಸ್ತು. ಒತ್ತಿದವನ ರಟ್ಟೆಯ ಬಲ ಎಷ್ಟೋ ಅಷ್ಟಕ್ಕೆ ಹೂಳಿನ ನಡುವೆ ಎಲ್ಲೋ ನಿಲ್ಲುತ್ತದೆ. ನೀರಿನ ಆಳವೂ ಸಿಗಲಿಲ್ಲ, ಗಟ್ಟಿ ತಳವೂ ಸಿಗಲಿಲ್ಲ.

ಒಂದೇ ಜಾಗದಲ್ಲಿ ಎರಡು ಅಳತೆ ತೆಗೆಯಬೇಕು. ಮೊದಲನೆಯದಕ್ಕೆ 20 ಸೆಂ.ಮೀ ಅಗಲದ ಹಳೇ ಸ್ಟೀಲ್ ತಟ್ಟೆ ಸಾಕು. ನಡುವೆ ಒಂದು ತೂತು, ಸುತ್ತ ನಾಲ್ಕೈದು ಸಣ್ಣ ತೂತು ಹಾಕಿ, ಇಲ್ಲದಿದ್ದರೆ ಮುಳುಗುವಾಗ ವಾಲಾಡುತ್ತದೆ. ಅಡಿಗೆ ಒಂದೆರಡು ನಟ್ಟು ಬಿಗಿಯಿರಿ, ಒಟ್ಟು ತೂಕ 300–400 ಗ್ರಾಂ ದಾಟಬಾರದು. ಅದಕ್ಕಿಂತ ಭಾರವಾದರೆ ತಟ್ಟೆ ರಾಡಿಯೊಳಗೇ ಇಳಿದುಬಿಡುತ್ತದೆ. ಇದನ್ನು ಸರ್ವೆಯವರ 30 ಮೀಟರ್ ಫೈಬರ್ ಟೇಪಿಗೆ ಕಟ್ಟಿ. ನೈಲಾನ್ ಹಗ್ಗ ಎಳೆದರೆ ಉದ್ದವಾಗುತ್ತದೆ, ಹತ್ತಿಯದು ನೆನೆದರೆ ಗಿಡ್ಡವಾಗುತ್ತದೆ, ಎರಡೂ ಬೇಡ. ಟೇಪಿನ ಸೊನ್ನೆ ಕೊಂಡಿಯ ತುದಿಯಲ್ಲಿದೆಯೋ ಒಳಗಿದೆಯೋ ನೋಡಿಕೊಳ್ಳಿ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ನಿಧಾನ ಬಿಡುತ್ತ ಹೋಗಿ, ಟೇಪು ಸಡಿಲಾದ ಕ್ಷಣದ ಅಳತೆಯೇ ನೀರಿನ ಆಳ.

ಎರಡನೆಯದು ಗಟ್ಟಿ ತಳದ ಅಳತೆ. ಅರ್ಧ ಇಂಚಿನ ಜಿಐ ಪೈಪನ್ನು 1.5 ಮೀಟರ್ ತುಂಡು ಮಾಡಿಸಿ, ಎರಡೂ ತುದಿಗೆ ತ್ರೆಡ್ ಹಾಕಿಸಿ, ಸಾಕೆಟ್‌ನಿಂದ ಜೋಡಿಸುವ ಹಾಗಿರಲಿ. ಕಾಡಿನೊಳಗೆ ಹೊತ್ತೊಯ್ಯುವುದು ಸುಲಭ. ತುದಿ ಮುಚ್ಚಬೇಡಿ, ಮೇಲೆ ಬರುವಾಗ ತಳದ ಮಣ್ಣು ಅದರಲ್ಲಿ ಸಿಕ್ಕಿಕೊಂಡು ಬರುತ್ತದೆ. ಕೈಬಲದಿಂದಷ್ಟೇ ಒತ್ತಿ, ಮೈಭಾರ ಹಾಕಬೇಡಿ. ತಳ ಸಿಕ್ಕಾಗ ಅಂಗೈಗೇ ಗೊತ್ತಾಗುತ್ತದೆ. ಮರಳಾದರೆ ಕರಕರ ಅನ್ನುತ್ತದೆ, ಜೇಡಿಯಾದರೆ ಪೈಪನ್ನು ಹಿಡಿದುಕೊಂಡು ಬಿಡುವುದಿಲ್ಲ, ಜಂಬಿಟ್ಟಿಗೆಯಾದರೆ ಠಣ್ ಅಂತ ಮೊಣಕೈವರೆಗೂ ಬಡಿಯುತ್ತದೆ. ಮೆತ್ತಗೆ ಪುಟಿದರೆ ಅದು ಬೇರು ಅಥವಾ ಮುಳುಗಿದ ಕೊರಡು. ಅದಕ್ಕೇ ಮಾರು ದೂರದೊಳಗೆ ಮೂರು ಕಡೆ ಒತ್ತಿ, ಹೆಚ್ಚು ಇಳಿದದ್ದನ್ನು ಬರೆದುಕೊಳ್ಳಿ. ಅದರಿಂದ ತಟ್ಟೆಯ ಅಳತೆ ಕಳೆದರೆ ಹೂಳಿನ ದಪ್ಪ. ನಿಮ್ಮ 14 ಅಡಿಯಲ್ಲಿ ನೀರೆಷ್ಟು ಅಂತ ಆಗ ನೋಡಿ.

ಶಬ್ದದಲೆ ಬಿಟ್ಟು ಆಳ ಹೇಳುವ ಸೋನಾರ್ ತಗೊಳ್ಳಿ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದಾರೆ. ಗಾಳ ಹಾಕುವವರ ಸಣ್ಣ ಸೋನಾರುಗಳು ಹೊಳೆಯ ಮಡುವಿಗೆ ಒಳ್ಳೆಯವು. ಜೊಂಡು, ಹೈಡ್ರಿಲ್ಲಾದಂಥ ನೀರಿನ ಕಳೆ ತುಂಬಿದ ಕೆರೆಯಲ್ಲಿ ಗಿಡದ ತುದಿಯನ್ನೇ ತಳ ಅಂತ ತೋರಿಸುತ್ತವೆ, ಮೊಣಕಾಲುದ್ದದ ನೀರಲ್ಲಿ ಸರಿಯಾಗಿ ಓದುವುದೇ ಇಲ್ಲ. ದುಡ್ಡು ಉಳಿಸಿ, ಅದರಲ್ಲಿ ಒಳ್ಳೇ ಲೈಫ್ ಜಾಕೆಟ್ ಕೊಳ್ಳಿ. ಫೋಮಿನದ್ದೇ ಇರಲಿ, ತೊಡೆಸಂದಿನಿಂದ ಪಟ್ಟಿ ಬರುವಂಥದ್ದು. ಪಟ್ಟಿ ಇಲ್ಲದಿದ್ದರೆ ನೀರಲ್ಲಿ ಜಾಕೆಟ್ ಕಿವಿಯವರೆಗೆ ಏರುತ್ತದೆ.

ಲಾರಿ ಟ್ಯೂಬ್ ಒಂದನ್ನೇ ನಂಬಿ ಹೋಗಬೇಡಿ. ಬಿದಿರುಮುಳ್ಳು ತಾಗಿದರೆ ಮುಗಿಯಿತು. ಎರಡು ಟ್ಯೂಬ್ ಜೋಡಿಸಿ ಮೇಲೆ ಹಲಗೆ ಬಿಗಿಯಿರಿ, ಏರಿಯ ಮೇಲೆ ನಿಂತವರ ಕೈಯಲ್ಲಿ ಹಗ್ಗದ ತುದಿ ಇರಲೇಬೇಕು. ಗಂಬೂಟು ಹಾಕಿ ಕೆಸರಿಗೆ ಇಳಿಯುವುದಂತೂ ಬೇಡವೇ ಬೇಡ. ಬೂಟು ಕೆಸರಿಗೆ ಕಚ್ಚಿಕೊಂಡು ಒಳಗೆ ನೀರು ತುಂಬಿದರೆ ಕಾಲು ಕೀಳಲಾಗುವುದಿಲ್ಲ. ಸಿಕ್ಕಿಬಿದ್ದರೆ ನಿಂತಲ್ಲೇ ಒದ್ದಾಡಬಾರದು, ಹಿಂದಕ್ಕೆ ಒರಗಿ ಮೈಭಾರ ಹರಡಿ ಒಂದೊಂದೇ ಕಾಲನ್ನು ಅಲುಗಿಸುತ್ತ ಬಿಡಿಸಿಕೊಳ್ಳಬೇಕು. ಗದ್ದೆಗೆ ನೀರು ಬಿಡುವ ತೂಬಿನ ಕಂಬಗಳ ಹತ್ತಿರ ಟ್ಯೂಬ್ ಒಯ್ಯಬೇಡಿ. ಬಿರಡೆ ತೆಗೆದಿದ್ದರೆ ಮೇಲೆ ನೀರು ಸುಮ್ಮನಿರುತ್ತದೆ, ಅಡಿಯಲ್ಲಿ ಸೆಳೆತ ಇರುತ್ತದೆ. ಅಚ್ಚುಕಟ್ಟಿನ ಗದ್ದೆಯವರನ್ನು ಕೇಳದೆ ನೀರಿಗೆ ಹೋಗುವುದು ತಪ್ಪು. ದೇವರಕಾಡಿನ ಕೆರೆಯಾದರೆ ಊರವರ ಒಪ್ಪಿಗೆಯೂ ಬೇಕು.

ಇನ್ನೊಂದು ವಿಷಯ ಯಾರೂ ಬರೆಯುವುದಿಲ್ಲ. ಆಳವನ್ನು ಕೋಡಿಕಲ್ಲಿನ (ಕೆರೆ ತುಂಬಿದಾಗ ನೀರು ಹೊರಹೋಗುವ ಜಾಗದ ಕಲ್ಲು) ಮಟ್ಟದಿಂದ ಹೇಳಿ, ಅವತ್ತಿನ ನೀರಿನ ಮಟ್ಟದಿಂದಲ್ಲ. ನವೆಂಬರಿನ 9 ಅಡಿ, ಏಪ್ರಿಲಿನ 9 ಅಡಿ ಒಂದೇ ಅಲ್ಲ. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ತಂದು, ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಕೋಡಿಕಲ್ಲಿನ ಮಟ್ಟವನ್ನು ದಡದಲ್ಲಿ ನೆಟ್ಟ ಗೂಟಕ್ಕೆ ಸಾಗಿಸಿ ಗುರುತು ಹಾಕಿ. ಅಲ್ಲಿಂದ ನೀರು ಎಷ್ಟು ಕೆಳಗಿದೆಯೋ ಅದನ್ನು ಪ್ರತಿ ಅಳತೆಗೂ ಕೂಡಿಸಿ. ಕೆರೆ ಎಷ್ಟು ನೀರು ಹಿಡಿಯುತ್ತದೆ ಅನ್ನುವ ಅಂದಾಜಿಗೆ ವಿಸ್ತೀರ್ಣ × ಅತಿ ಹೆಚ್ಚು ಆಳ × 0.4 ಸಾಕು. ಕೋಡಿ ಮಟ್ಟದಲ್ಲಿ 2 ಎಕರೆ ಅಂದರೆ 8,094 ಚ.ಮೀ, ಏರಿಯ ಹತ್ತಿರ 3 ಮೀಟರ್ ನೀರಿದ್ದರೆ ಸುಮಾರು 97 ಲಕ್ಷ ಲೀಟರ್. ಹೂಳನ್ನೂ ನೀರು ಅಂತ ಎಣಿಸಿ 4.2 ಮೀಟರ್ ಹಾಕಿದರೆ ಅದೇ ಕೆರೆ 1.36 ಕೋಟಿ ಲೀಟರ್ ಆಗುತ್ತದೆ. ಪಂಚಾಯತಿಗೆ ಅರ್ಜಿ ಕೊಡುವಾಗ ಈ ತಪ್ಪು ಲೆಕ್ಕ ಹೋದರೆ, ಹೂಳೆತ್ತಬೇಕಾದ ಕೆರೆ ತುಂಬಿ ತುಳುಕುತ್ತಿದೆ ಅಂತ ಕಡತದಲ್ಲಿ ಕೂರುತ್ತದೆ.

ಅಳೆಯಲು ಒಳ್ಳೇ ಕಾಲ ಕೋಡಿ ನಿಂತ ಮೇಲೆ ಒಮ್ಮೆ, ಏಪ್ರಿಲಿನಲ್ಲಿ ಇನ್ನೊಮ್ಮೆ. ಆದರೆ ನವೆಂಬರಿನಿಂದ ಮೇವರೆಗೆ, ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಕಾಲವೂ ಹೌದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಿಮ್ಮ ಸೊರಬದ ಕ್ಯಾಸನೂರಿನ ಕಾಡಲ್ಲೇ, ಮರೆಯಬೇಡಿ. ದರಕಿನ ಮೇಲೆ ಕೂರಬೇಡಿ, ಬ್ಯಾಗನ್ನೂ ಇಡಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇದೆ, ಅದು ದೊಡ್ಡ ವಿಷಯವಲ್ಲ. ಆದರೆ ಕಾಲಲ್ಲಿ ಗಾಯ ಇದ್ದರೆ ಇಲಿಜ್ವರದ ಭಯ ಹೆಚ್ಚು, ನೀರು ಮುಟ್ಟಬೇಡಿ.

ಕೆರೆ ಹುಡುಕುವುದಕ್ಕೆ ಗೂಗಲ್ ಮ್ಯಾಪು ಸಾಲದು, ಮರದ ನೆರಳಲ್ಲಿ ಅರ್ಧ ಕೆರೆ ಕಾಣುವುದೇ ಇಲ್ಲ. ಗ್ರಾಮ ನಕ್ಷೆಯಲ್ಲಿ ನೋಡಿ, ಸರ್ವೆ ನಂಬರನ್ನು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ, ಕಾನಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಜಿಪಿಎಸ್ ಕೊಳ್ಳುವುದಾದರೆ ಗಾರ್ಮಿನ್ ಈಟ್ರೆಕ್ಸ್ ಸಾಲಿನದು, ಎಎ ಸೆಲ್ ಹಾಕುವಂಥದ್ದು ನನಗೆ ಇಷ್ಟ. ಸೆಲ್ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಅಭಯಾರಣ್ಯದ ಗಡಿಯೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಲೇಬೇಡಿ.

ನಿಮ್ಮ ಎರಡನೇ ಫೋಟೊದಲ್ಲಿ ಒಸರಿನ ಹತ್ತಿರ ಮಿರಿಮಿರಿ ಪದರ ಕಂಡು "ಯಾರೋ ಡೀಸೆಲ್ ಚೆಲ್ಲಿದ್ದಾರೆ" ಅಂದಿದ್ದೀರಿ. ಕಡ್ಡಿಯಿಂದ ಗೀರಿ ನೋಡಿ. ಗಾಜು ಒಡೆದಂತೆ ಚೂರುಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಜಂಬಿಟ್ಟಿಗೆ ನೆಲದಲ್ಲಿ ಸಹಜ. ಮತ್ತೆ ಕೂಡಿಕೊಂಡರೆ ಎಣ್ಣೆ. ನೀರು ಚಹಾದ ಬಣ್ಣಕ್ಕಿರುವುದೂ ಕೊಳಕಲ್ಲ, ಎಲೆಯ ಒಗರು ಬಿಟ್ಟದ್ದು. ತಿಳಿ ಎಷ್ಟಿದೆ ನೋಡಬೇಕಾದರೆ ಅದೇ ತಟ್ಟೆಯ ಮೇಲ್ಭಾಗಕ್ಕೆ ನಾಲ್ಕು ಪಾಲು ಮಾಡಿ ಕಪ್ಪು-ಬಿಳಿ ಬಣ್ಣ ಬಳಿಯಿರಿ. ಕಾಣದಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ತೆಗೆಯಿರಿ. ಊರವರೆಲ್ಲ ಇಳಿದು ಮೀನು ಹಿಡಿಯುವ ಕೆರೆಬೇಟೆ ಆದ ಹೊಸದರಲ್ಲಿ ಈ ಅಳತೆ ಬೇಡ, ಇಡೀ ಕೆರೆ ಕದಡಿರುತ್ತದೆ.

ಮುಂದಿನ ಕೆರೆಗೆ ಹೋಗುವ ಮುಂಚೆ ಟ್ಯೂಬ್, ಟೇಪು, ತಟ್ಟೆ ಎಲ್ಲ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಹಗ್ಗದ ಗಂಟಿನಲ್ಲಿ ಸಾಲ್ವೀನಿಯಾ ಅನ್ನುವ ತೇಲುವ ಕಳೆಯ ಒಂದು ಚೂರು ಉಳಿದರೂ ಹೊಸ ಕೆರೆಯಲ್ಲಿ ಅದು ಹಬ್ಬಿಕೊಳ್ಳುತ್ತದೆ.