ದಿನದ ಮಳೆಗೆ ಮಾದರಿ ಕಟ್ಟಿ ಮುನ್ಸೂಚನೆ ಕೊಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಿಮ್ಮ ಹತ್ತಿರ ಒಂದೇ ಮಳೆಮಾಪಕದ 30 ವರ್ಷಗಳ ದಿನವಾರು ಲೆಕ್ಕ ಇದೆ. ಅರಿಮಾ (ಹಿಂದಿನ ಅಂಕಿಗಳಿಂದ ಮುಂದಿನದನ್ನು ಅಂದಾಜಿಸುವ ಮಾದರಿ) ಹಾಕಿ ನೋಡಿದ್ದೀರಿ, ಕೆಲವು ದಿನಗಳಿಗೆ ಸೊನ್ನೆಗಿಂತ ಕಡಿಮೆ ಮಳೆ ಬರುತ್ತಿದೆ. ಹಾಗಾಗಿ ಯಾವ ಸಾಫ್ಟ್‌ವೇರ್ ಕೊಂಡರೆ ಒಳ್ಳೆಯದು ಎಂದು ಕೇಳಿದ್ದೀರಿ. ಕೊಳ್ಳುವ ಅಗತ್ಯವೇ ಇಲ್ಲ, ಬೇಕಾದ್ದೆಲ್ಲ ಉಚಿತವಾಗಿ ಸಿಗುತ್ತದೆ. ಆದರೆ ಅದಕ್ಕೂ ಮೊದಲು ನೀವು ಒಂದು ವಿಷಯ ತೀರ್ಮಾನಿಸಬೇಕು: ನಿಮಗೆ ಯಾವ ಬಗೆಯ ಮುನ್ಸೂಚನೆ ಬೇಕು?

‘ನಾಳೆ ಮಳೆ ಬರುತ್ತದೆಯೇ’ ಎಂಬುದು ಒಂದು ಪ್ರಶ್ನೆ. ‘ಬಿತ್ತನೆಯಾದ ಮೇಲೆ 30 ದಿನಗಳೊಳಗೆ ಸತತ 10 ದಿನ ಮಳೆ ಕೈಕೊಡುವ ಸಂಭವ ಎಷ್ಟು’ ಎಂಬುದು ಬೇರೆಯೇ ಪ್ರಶ್ನೆ. ಮಳೆಮಾಪಕದ ಹಳೆಯ ಲೆಕ್ಕ ಎರಡನೆಯದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ. ಮೊದಲನೆಯದಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವುದು ಇವತ್ತು ಯಾವ ತಾರೀಖು, ನಿನ್ನೆ ಮಳೆ ಬಂದಿತ್ತೋ ಇಲ್ಲವೋ, ಅಷ್ಟೇ ಅಲ್ವಾ? ಗಾಳಿ ಎತ್ತ ಬೀಸುತ್ತಿದೆ, ಎಷ್ಟು ತೇವ ಇದೆ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಯಾವ ಸಾಫ್ಟ್‌ವೇರ್ ತಂದರೂ ಇಲ್ಲದ ಮಾಹಿತಿಯನ್ನು ಅದು ಹುಟ್ಟಿಸಲಾರದು.

ಅರಿಮಾ ಯಾಕೆ ಸೋತಿತು ಎಂದರೆ, ದಿನದ ಮಳೆಯ ಸ್ವಭಾವವೇ ಬೇರೆ. ಬಹಳಷ್ಟು ದಿನ ಸೊನ್ನೆ. ಉಳಿದ ದಿನಗಳಲ್ಲಿ ಹೆಚ್ಚಿನವು ಸಣ್ಣ ಮಳೆ, ಅಪರೂಪಕ್ಕೆ ಒಮ್ಮೆ ಭಾರಿ ಮಳೆ. ಅರಿಮಾ ಸಾಮಾನ್ಯವಾಗಿ ಏರಿಳಿತ ಎರಡೂ ಕಡೆ ಸಮ ಎಂದು ಭಾವಿಸಿಕೊಂಡು ಹೊರಡುತ್ತದೆ. ಅದಕ್ಕೇ ಈ ಕ್ಷೇತ್ರದವರು ಹಿಂದಿನಿಂದಲೂ ಕೆಲಸವನ್ನು ಎರಡಾಗಿ ಒಡೆಯುತ್ತಾರೆ. ಮಳೆ ಬಂತೇ ಎಂಬುದು ಒಂದು ಭಾಗ. ಬಂದಿದ್ದರೆ ಎಷ್ಟು ಎಂಬುದು ಇನ್ನೊಂದು.

ಮೊದಲ ಭಾಗಕ್ಕೆ ಮಾರ್ಕೋವ್ ಸರಪಳಿ, ಅಂದರೆ ಇವತ್ತಿನ ಸಂಭವವನ್ನು ನಿನ್ನೆಯ ಸ್ಥಿತಿಯಿಂದ ಹೇಳುವ ಮಾದರಿ. 1962ರಲ್ಲಿ ಗೇಬ್ರಿಯಲ್ ಮತ್ತು ನ್ಯೂಮನ್ ಇದನ್ನು ಟೆಲ್ ಅವೀವ್‌ನ ಮಳೆ ಲೆಕ್ಕಕ್ಕೆ ಹೊಂದಿಸಿ ತೋರಿಸಿದರು. ವಿಷಯ ಸರಳ. ನಿನ್ನೆ ಮಳೆ ಬಂದಿದ್ದರೆ ಇವತ್ತೂ ಬರುವ ಸಂಭವ 0.7, ನಿನ್ನೆ ಒಣಗಿದ್ದರೆ 0.2 ಎಂದಿಟ್ಟುಕೊಳ್ಳಿ. ಈ ಎರಡೇ ಅಂಕಿಯಿಂದ ಎಷ್ಟೆಲ್ಲ ಹೊರಡುತ್ತದೆ ನೋಡಿ: ಒಟ್ಟು ದಿನಗಳಲ್ಲಿ ಶೇ. 40 ಮಳೆ ದಿನ, ಒಮ್ಮೆ ಮಳೆ ಹಿಡಿದರೆ ಸರಾಸರಿ 3.3 ದಿನ, ಒಮ್ಮೆ ಬಿಟ್ಟರೆ ಸರಾಸರಿ 5 ದಿನ. ನನಗೆ ಈ ಮಾದರಿ ತುಂಬಾ ಇಷ್ಟವಾಗುವುದು ಇದಕ್ಕೇ. ಪ್ರತಿ ಅಂಕಿಗೂ ಅರ್ಥ ಇದೆ, ಅದನ್ನು ರೈತರಿಗೂ ಎಂಜಿನಿಯರಿಗೂ ಬಿಡಿಸಿ ಹೇಳಬಹುದು.

ಎರಡನೆಯ ಭಾಗಕ್ಕೆ, ಅಂದರೆ ಮಳೆಯ ಪ್ರಮಾಣಕ್ಕೆ, ಗ್ಯಾಮಾ ಹಂಚಿಕೆ: ಸಣ್ಣ ಮಳೆ ಹೆಚ್ಚು, ದೊಡ್ಡದು ಅಪರೂಪ ಎಂದು ತೋರಿಸುವ, ಸೊನ್ನೆಗಿಂತ ಕೆಳಗಿಳಿಯದ ವಕ್ರರೇಖೆ. ರಿಚರ್ಡ್‌ಸನ್ 1981ರಲ್ಲಿ ಕೊಟ್ಟ ಚೌಕಟ್ಟು, ಅದರಿಂದ 1984ರಲ್ಲಿ ಬಂದ ಡಬ್ಲ್ಯುಜೆನ್ ಎಂಬ ಪ್ರೋಗ್ರಾಂ, ಎರಡೂ ಈ ಎರಡು ಭಾಗದ ದಾರಿಯವೇ. ಅದೇ 1984ರಲ್ಲಿ ಸ್ಟರ್ನ್ ಮತ್ತು ಕೋ ಇದನ್ನೆಲ್ಲ ಜಿಎಲ್‌ಎಂ (ಒಂದು ಅಂಕಿ ಬೇರೆ ಅಂಶಗಳ ಮೇಲೆ ಹೇಗೆ ನಿಂತಿದೆ ಎಂದು ಹೇಳುವ ರಿಗ್ರೆಷನ್ ಸಮೀಕರಣಗಳ ಕುಟುಂಬ) ರೂಪಕ್ಕೆ ತಂದರು. ನಿಮ್ಮ ಕೆಲಸ ಹಗುರವಾಗುವುದು ಇಲ್ಲೇ. ‘ಬಂತೇ’ ಎಂಬುದಕ್ಕೆ, ನಿನ್ನೆ ಬಂದಿತ್ತೇ ಎಂಬುದನ್ನೂ ಒಂದು ಅಂಶವಾಗಿ ಇಟ್ಟು, ಲಾಜಿಸ್ಟಿಕ್ ರಿಗ್ರೆಷನ್, ‘ಎಷ್ಟು’ ಎಂಬುದಕ್ಕೆ ಗ್ಯಾಮಾ ರಿಗ್ರೆಷನ್. ಎರಡರಲ್ಲೂ ವರ್ಷದ ದಿನಕ್ಕೆ ಸೈನ್ ಮತ್ತು ಕೊಸೈನ್ ಪದಗಳನ್ನು ಸೇರಿಸಿದರೆ ಋತುಮಾನ ತಾನಾಗಿ ಬರುತ್ತದೆ. ಎರಡು ಮೂರು ಜೊತೆ ಸಾಮಾನ್ಯವಾಗಿ ಸಾಕು.

ಈಗ ಸಾಫ್ಟ್‌ವೇರ್. ನನ್ನ ಆಯ್ಕೆ ಆರ್ (R) ಎಂಬ ಉಚಿತ ಸಂಖ್ಯಾಶಾಸ್ತ್ರದ ಭಾಷೆ. ಮೇಲೆ ಹೇಳಿದ್ದಕ್ಕೆ ಅದರೊಳಗಿನ ಜಿಎಲ್‌ಎಂ ಆದೇಶವನ್ನು ಎರಡು ಸಲ ಓಡಿಸಿದರೆ ಆಯಿತು, ಬೇರೆ ಪ್ಯಾಕೇಜೇ ಬೇಡ. ಋತುವಿನ ಏರಿಳಿತ ಸೈನ್ ಅಲೆಗೆ ಸರಿಯಾಗಿ ಕೂರದಿದ್ದರೆ ಎಂಜಿಸಿವಿ ಪ್ಯಾಕೇಜ್ ಹಾಕಿ, ನಯವಾದ ವಕ್ರರೇಖೆಯನ್ನು ಅದೇ ಹುಡುಕಿಕೊಳ್ಳುತ್ತದೆ. ಅದರಲ್ಲೇ ಟ್ವೀಡಿ ಹಂಚಿಕೆಯೂ ಇದೆ. ಸೊನ್ನೆಗಳನ್ನೂ ಪ್ರಮಾಣವನ್ನೂ ಒಂದೇ ಮಾದರಿಯಲ್ಲಿ ಹಿಡಿಯಲು ಅದು ಬರುತ್ತದೆ. ಆದರೂ ಎರಡಾಗಿ ಒಡೆಯುವುದೇ ನನಗೆ ಇಷ್ಟ. ತಪ್ಪು ಯಾವ ಭಾಗದಲ್ಲಿದೆ ಎಂದು ಆಗ ಬೇಗ ಗೊತ್ತಾಗುತ್ತದೆ. ಮೊದಲೇ ಇರುವ ತಿಳಿವಳಿಕೆಯನ್ನೂ ಲೆಕ್ಕಕ್ಕೆ ಸೇರಿಸುವ ಬೇಸಿಯನ್ ದಾರಿ ಬೇಕಿದ್ದವರಿಗೆ, ಆರ್ ಪ್ಯಾಕೇಜ್ ಆದ ಬಿಆರ್‌ಎಂಎಸ್‌ನಲ್ಲಿ ಹರ್ಡಲ್ ಗ್ಯಾಮಾ (ಸೊನ್ನೆಗೆ ಒಂದು ಭಾಗ, ಪ್ರಮಾಣಕ್ಕೆ ಇನ್ನೊಂದು) ಇದೆ.

ಕೋಡ್ ಬರೆಯಲು ಹಿಂಜರಿಕೆ ಇದ್ದರೆ ಆರ್-ಇನ್‌ಸ್ಟಾಟ್ ನೋಡಿ. ಒಳಗೆ ಓಡುವುದು ಆರ್, ಹೊರಗೆ ಕಾಣುವುದು ಮೆನು. ಹವಾಮಾನದ ಲೆಕ್ಕಕ್ಕೆಂದೇ ಬೇರೆ ಮೆನು ಇದೆ: ಮಳೆಗಾಲ ಶುರುವಾಗುವ ದಿನ, ಒಣ ಅವಧಿಗಳ ಉದ್ದ, ಮಾರ್ಕೋವ್ ಮಾದರಿ ಎಲ್ಲ ಅಲ್ಲೇ ಸಿಗುತ್ತವೆ. ಹೊಸಬರು ಸುಮ್ನೆ ಅಲೆದಾಡುವುದಕ್ಕಿಂತ ಇದರಿಂದ ಶುರು ಮಾಡುವುದು ಒಳ್ಳೆಯದು.

ಪೈಥಾನ್ ಬಳಸುವವರಾದರೆ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ಇದೇ ಜಿಎಲ್‌ಎಂ ಮಾಡಬಹುದು. ಸೈಕಿಟ್-ಲರ್ನ್‌ನಲ್ಲಿ ಟ್ವೀಡಿ ರಿಗ್ರೆಷನ್ ಇದೆ.

ಲಾರ್ಸ್-ಡಬ್ಲ್ಯುಜಿ, ಎಸ್‌ಡಿಎಸ್‌ಎಂ ಎಂಬ ಹೆಸರುಗಳನ್ನೂ ನೀವು ಕೇಳಿರಬಹುದು. ಲಾರ್ಸ್-ಡಬ್ಲ್ಯುಜಿ ಮಳೆ ಮತ್ತು ಒಣ ಅವಧಿಗಳ ಉದ್ದವನ್ನೇ ನೇರವಾಗಿ ಹಿಡಿದು ಕೃತಕ ಹವಾಮಾನ ಸರಣಿ ತಯಾರಿಸುತ್ತದೆ. ಎಸ್‌ಡಿಎಸ್‌ಎಂ ದೊಡ್ಡ ಪ್ರದೇಶದ ವಾತಾವರಣದ ಸ್ಥಿತಿಯನ್ನು ಒಂದು ಜಾಗದ ಮಳೆಗೆ ಜೋಡಿಸುತ್ತದೆ. ಇವೆರಡೂ ಹೆಚ್ಚಾಗಿ ಬಳಕೆಯಾಗುವುದು ಹವಾಮಾನ ಬದಲಾವಣೆಯ ಅಧ್ಯಯನಗಳಲ್ಲಿ. ನಾಳೆಯ ಮಳೆ ಹೇಳುವ ಸಾಧನ ಎಂದುಕೊಂಡು ಇವನ್ನು ಇಳಿಸಿಕೊಳ್ಳಬೇಡಿ. ಮುಂದೆ ಹಲವು ಕೇಂದ್ರಗಳ ಲೆಕ್ಕ ಸಿಕ್ಕರೆ ಆರ್‌ನ ಆರ್‌ಗ್ಲಿಮ್‌ಕ್ಲಿಮ್ ಕೆಲಸಕ್ಕೆ ಬರುತ್ತದೆ. ಪಕ್ಕಪಕ್ಕದ ಮಾಪಕಗಳಲ್ಲಿ ಮಳೆ ಒಟ್ಟಿಗೇ ಬೀಳುವುದನ್ನು ಅದು ಗಣನೆಗೆ ತೆಗೆದುಕೊಳ್ಳುತ್ತದೆ.

ಭಾರಿ ಮಳೆಯ ವಿಷಯದಲ್ಲಿ ಒಂದು ಎಚ್ಚರ. ಗ್ಯಾಮಾ ಹಂಚಿಕೆಯ ಬಾಲ ತೆಳು, ಅತಿ ದೊಡ್ಡ ಮಳೆಗಳನ್ನು ಅದು ಅನೇಕ ಕಡೆ ಕಡಿಮೆ ಅಂದಾಜು ಮಾಡುತ್ತದೆ. ಮೋರಿ, ಕಾಲುವೆ, ಪ್ರವಾಹದ ಲೆಕ್ಕಕ್ಕೆ ಅದನ್ನೇ ನಂಬಬಾರದು. ಅಲ್ಲಿ ಒಂದು ಮಿತಿ ಮೀರಿದ ಮಳೆಗಳನ್ನಷ್ಟೇ ಎತ್ತಿಕೊಂಡು ಬಾಲ ದಪ್ಪವೂ ಆಗಬಲ್ಲ ಜನರಲೈಸ್ಡ್ ಪರೇಟೊ ಹಂಚಿಕೆ ಹೊಂದಿಸಬೇಕು. ಆರ್‌ನ ಎಕ್ಸ್‌ಟ್ರೀಮ್ಸ್ ಪ್ಯಾಕೇಜ್ ಇದಕ್ಕೇ ಇರುವುದು.

ನಿಮಗೆ ನಿಜವಾಗಿ ಬೇಕಿರುವುದು ನಾಳೆ ನಾಡಿದ್ದಿನ ಮಳೆಯೇ ಆಗಿದ್ದರೆ ದಾರಿ ಬೇರೆ. ಹವಾಮಾನ ಕೇಂದ್ರಗಳು ಸಂಖ್ಯಾತ್ಮಕ ಮಾದರಿಗಳಿಂದ (ವಾತಾವರಣದ ಭೌತ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಮಾದರಿಗಳು) ಕೊಡುವ ಮುನ್ಸೂಚನೆಯನ್ನು ತೆಗೆದುಕೊಂಡು, ಅದನ್ನು ನಿಮ್ಮ ಮಾಪಕದ ಲೆಕ್ಕದ ಜೊತೆ ಹೋಲಿಸಿ ತಿದ್ದಬೇಕು. ಹಳೆಯ ದಿನಗಳ ಮುನ್ಸೂಚನೆಗಳೂ ಇದಕ್ಕೆ ಬೇಕು. ಆರ್‌ನ ಸಿಆರ್‌ಸಿಎಚ್ ಮತ್ತು ಎನ್ಸೆಂಬಲ್‌ಬಿಎಂಎ ಪ್ಯಾಕೇಜ್‌ಗಳು ಈ ತಿದ್ದುವ ಕೆಲಸಕ್ಕೆ ಹೊಂದುತ್ತವೆ. ‘ಶೇ. 60 ಸಂಭವ, ಬಂದರೆ ಇಷ್ಟರಿಂದ ಇಷ್ಟು’ ಎಂಬಂತೆ ಉತ್ತರ ಬರುತ್ತದೆ. ಹಳೆಯ ಮಳೆ ಲೆಕ್ಕವನ್ನಷ್ಟೇ ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ತುಂಬಿ ನಾಳೆಯ ಮಿಲಿಮೀಟರ್ ಕೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಸರಾಸರಿ ವರ್ಗ ದೋಷ ಕಡಿಮೆ ಮಾಡು ಎಂದರೆ ಅದು ಪ್ರತಿದಿನವೂ ಸ್ವಲ್ಪ ಸ್ವಲ್ಪ ಮಳೆ ಹಂಚಿ ಕೂರುತ್ತದೆ. ಒಣ ದಿನವೂ ಇಲ್ಲ, ಜೋರು ಮಳೆಯೂ ಇಲ್ಲ.

ಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಮಾದರಿ ಸಿದ್ಧವಾದ ಮೇಲೆ ಅದರಿಂದ 30 ವರ್ಷದ ಸರಣಿಗಳನ್ನು ನೂರಾರು ಸಲ ಹುಟ್ಟಿಸಿ. ತಿಂಗಳ ಸರಾಸರಿ ಹೊಂದಿದ್ದಕ್ಕೆ ಖುಷಿಪಡಬೇಡಿ. ಮಾದರಿಗೆ ಕಲಿಸಿದ್ದೇ ಅದು, ಹೊಂದಲೇಬೇಕು. ಕಲಿಸದೇ ಇದ್ದದ್ದನ್ನು ನೋಡಿ: ಅತಿ ಉದ್ದದ ಒಣ ಅವಧಿ, ವರ್ಷದ ಒಟ್ಟು ಮಳೆ ವರ್ಷದಿಂದ ವರ್ಷಕ್ಕೆ ಎಷ್ಟು ಏರುಪೇರಾಗುತ್ತದೆ, ಒಂದೇ ದಿನದ ಗರಿಷ್ಠ ಮಳೆ. ನಿನ್ನೆಯನ್ನಷ್ಟೇ ನೆನಪಿಡುವ ಸರಳ ಮಾದರಿಗಳು ವರ್ಷಗಳ ನಡುವಿನ ಏರುಪೇರನ್ನು ಕಡಿಮೆ ತೋರಿಸುತ್ತವೆ. ಇದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. 1998ರಲ್ಲಿ ಕಾಟ್ಜ್ ಮತ್ತು ಪಾರ್ಲಾಂಜ್ ಇದನ್ನೇ ವಿವರವಾಗಿ ಚರ್ಚಿಸಿದ್ದಾರೆ. ಇಂಥ ಮಾದರಿ ಬರದ ಅಪಾಯವನ್ನು ಕಡಿಮೆ ಹೇಳುತ್ತದೆ, ಅದನ್ನು ನಂಬಿ ನೀರಿನ ಲೆಕ್ಕ ಹಾಕಿದವರಿಗೆ ಕಷ್ಟ. ಎಲ್ ನಿನೊ ಸೂಚ್ಯಂಕದಂಥ ನಿಧಾನವಾಗಿ ಬದಲಾಗುವ ಅಂಶವನ್ನು ಎರಡೂ ರಿಗ್ರೆಷನ್‌ಗಳಿಗೆ ಸೇರಿಸಿ ನೋಡಿ. ಅದರ ಪ್ರಭಾವ ಇರುವ ಜಾಗವಾದರೆ ಈ ಕೊರತೆ ಸ್ವಲ್ಪ ತುಂಬುತ್ತದೆ.

ಪರೀಕ್ಷೆಗೆ ದಿನಗಳನ್ನು ಅಲ್ಲಿಂದಿಲ್ಲಿಂದ ಹೆಕ್ಕಬೇಡಿ, ಇಡೀ ವರ್ಷಗಳನ್ನೇ ಪಕ್ಕಕ್ಕಿಡಿ. ಅಂಕ ಕೊಡಲು, ಹೇಳಿದ ಸಂಭವ ಎಷ್ಟು ತಪ್ಪಿತು ಎಂದು ಅಳೆಯುವ ಬ್ರಿಯರ್ ಸ್ಕೋರ್ ಮತ್ತು ಪ್ರಮಾಣದ ಇಡೀ ಹಂಚಿಕೆಗೆ ಅದನ್ನೇ ಮಾಡುವ ಸಿಆರ್‌ಪಿಎಸ್ ಬಳಸಿ. ಆರ್‌ನ ಸ್ಕೋರಿಂಗ್‌ರೂಲ್ಸ್‌ನಲ್ಲಿ ಸಿಆರ್‌ಪಿಎಸ್ ಇದೆ, ಬ್ರಿಯರ್ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಆ ತಾರೀಖಿನ ಹಳೆಯ ಸರಾಸರಿ ಸಂಭವವನ್ನೇ ಹೇಳುತ್ತಾ ಹೋದರೆ ಬರುವ ಅಂಕಕ್ಕಿಂತ ನಿಮ್ಮ ಮಾದರಿಯ ಅಂಕ ಕಡಿಮೆ ಇರಬೇಕು, ಇವೆರಡರಲ್ಲೂ ಕಡಿಮೆ ಅಂಕವೇ ಒಳ್ಳೆಯದು.

ಇದೆಲ್ಲಕ್ಕೂ ಮೊದಲು ಡೇಟಾ ಒಮ್ಮೆ ತಿರುವಿ ಹಾಕಿ. ಓದದೇ ಬಿಟ್ಟ ದಿನವನ್ನು ಸೊನ್ನೆ ಎಂದು ಬರೆದಿದ್ದಾರೆಯೇ? ರಜೆ ಮುಗಿದ ಮೇಲೆ ಎರಡು ಮೂರು ದಿನದ ಮಳೆಯನ್ನು ಒಟ್ಟಿಗೆ ಬರೆದಿದ್ದಾರೆಯೇ? ಬೆಳಿಗ್ಗೆ ಓದಿದ ಮಳೆ ಯಾವ ತಾರೀಖಿಗೆ ಸೇರಿದೆ? ಮಳೆ ದಿನ ಎನ್ನಲು ಒಂದು ಮಿತಿಯೂ ಬೇಕು. 1 ಮಿ.ಮೀ. ಎಂಬುದು ಹವಾಮಾನ ಸೂಚ್ಯಂಕಗಳಲ್ಲಿ ಬಳಕೆಯಲ್ಲಿರುವ ಮಿತಿ. ಸಣ್ಣ ಹನಿಗಳನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಈ ಮಿತಿ ಇಟ್ಟರೆ ಆ ವ್ಯತ್ಯಾಸ ಬಹುಮಟ್ಟಿಗೆ ಹೋಗುತ್ತದೆ.

ನಿಮ್ಮ ಉದ್ದೇಶ ಬೆಳೆಯೋ, ನೀರಿನ ಸಂಗ್ರಹವೋ, ಪ್ರವಾಹವೋ ಎಂದು ಕೆಳಗೆ ಬರೆಯಿರಿ. ಎರಡು ರಿಗ್ರೆಷನ್‌ಗಳಲ್ಲಿ ಯಾವ ಪದಗಳನ್ನು ಇಡಬೇಕು ಎಂಬುದನ್ನು ಅದಕ್ಕೆ ತಕ್ಕಂತೆ ಹೇಳುತ್ತೇನೆ.